ಹಿಂದಕ್ಕೆ ಹೋಗದ ಲಾರಿ

ನಮ್ಮ ಯಜಮಾನರು ತೊಕುಜಿ ಮಾತು ಕಡಿಮೆಯ ಮನುಷ್ಯ. ಜಂಬ ಕೊಚ್ಚುವುದು ಒಂದೇ ಒಂದು ಸಂಗತಿಗೆ. ಬೆಳಗಿನ ಕಾಫಿ ಅಂಗಡಿಯಲ್ಲಿ ಕಾಫಿಯ ಜೊತೆ ಬಿಟ್ಟಿ ಕೊಡುವ ಬ್ರೆಡ್ಡು, ಮೊಟ್ಟೆ ಮುಗಿಸಿ, ಬಾಯಿ ಒರೆಸಿಕೊಂಡು, ಪಕ್ಕದ ಮೇಜಿನವರಿಗೆ ಶುರು ಹಚ್ಚಿಕೊಳ್ಳುತ್ತಿದ್ದರು. ಮುನ್ನೂರ ಹನ್ನೊಂದು ಮದುವಣಗಿತ್ತಿಯರ ಸಾಮಾನು ಹೊತ್ತಿದ್ದೇನೆ, ಸಾಮಾನು ಹೇರಿದ ಲಾರಿಯನ್ನು ಒಂದು ಸಲವೂ ಹಿಂದಕ್ಕೆ ತೆಗೆದಿಲ್ಲ ಎಂದು. ನಾನು ಪಕ್ಕದಲ್ಲೇ ಕೂತು ತುಟಿ ಪಿಟಕ್ಕೆನ್ನದೆ ಕಾಫಿ ಕುಡಿಯುತ್ತಿದ್ದೆ. ಯಾಕೆಂದರೆ ಒಂದು ಸಲ ತೆಗೆದಿದ್ದರು. ಆ ಸಲ ಲಾರಿಯಲ್ಲಿದ್ದದ್ದು ನನ್ನ ಸಾಮಾನು.

ನಮ್ಮ ಒವಾರಿ ಸೀಮೆಯಲ್ಲಿ ಹೆಣ್ಣು ಕೊಡುವುದೆಂದರೆ ಅರ್ಧ ಮನೆ ಖಾಲಿ ಮಾಡಿದ ಹಾಗೆ. ಬಟ್ಟೆಯ ಬೀರು, ಕನ್ನಡಿ ಮೇಜು, ಹಾಸಿಗೆ ಗಂಟು, ಹೊಲಿಗೆ ಯಂತ್ರ ಎಲ್ಲವೂ ಮದುವೆಗೆ ನಾಲ್ಕು ದಿನ ಮುಂಚೆ, ಒಳ್ಳೆಯ ದಿನ ನೋಡಿ, ಕೆಂಪು ಬಿಳಿ ಪಟ್ಟೆಯ ಪರದೆ ಕಟ್ಟಿದ ಲಾರಿಯಲ್ಲಿ ಊರ ಕಣ್ಣಿಗೆ ಬೀಳುವಂತೆ ಗಂಡಿನ ಮನೆಗೆ ಹೋಗಬೇಕು. ಆ ಲಾರಿ ಒಂದು ಗೇಣೂ ಹಿಂದಕ್ಕೆ ಸರಿಯಬಾರದು. ಸರಿದರೆ ಹುಡುಗಿಯೂ ತವರಿಗೆ ವಾಪಸು ಬರುತ್ತಾಳೆ ಎಂದು ಲೆಕ್ಕ. ಇಕ್ಕಟ್ಟಾದ ದಾರಿಯಲ್ಲಿ ಎದುರು ಗಾಡಿ ಬಂದರೆ ಲಾರಿಯ ಡ್ರೈವರು ಇಳಿದು, ಟೊಪ್ಪಿ ತೆಗೆದು, ನಡು ಬಗ್ಗಿಸಿ, ಕೆಂಪು ಬಿಳಿ ದಾರ ಕಟ್ಟಿದ, ಹಣ ಇಟ್ಟ ಶುಭದ ಲಕೋಟೆ ಕೊಡುತ್ತಾನೆ. ತೆಗೆದುಕೊಂಡವನು ನಗುನಗುತ್ತಾ ತನ್ನ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾನೆ. ಮದುವೆಯ ಕಾಲದಲ್ಲಿ ಕೆಲವರು ಬೇಕೆಂದೇ ಎದುರಿಗೆ ಬರುತ್ತಿದ್ದುದೂ ಉಂಟು.

ನನ್ನ ಮದುವೆ ಶೋವಾ ನಲವತ್ತಮೂರನೆಯ ವರ್ಷದ, ಅಂದರೆ ಸಾವಿರದ ಒಂಬೈನೂರ ಅರವತ್ತೆಂಟರ ಶರತ್ಕಾಲಕ್ಕೆ ಗೊತ್ತಾಗಿತ್ತು. ಗಂಡು ಕಿಸೊ ನದಿಯ ಆಚೆ ದಡದ ಹೆಂಚಿನ ವ್ಯಾಪಾರಿಯ ಮಗ. ಅವನನ್ನು ನಾನು ನೋಡಿದ್ದು ಎರಡು ಸಲ, ಎರಡು ಸಲವೂ ಅವನು ಮಳೆ ಬರುತ್ತದೋ ಇಲ್ಲವೋ ಎಂದೇ ಮಾತಾಡಿದ್ದ. ನನ್ನ ಬೀರು ಎಷ್ಟು ಅಗಲ, ಎಷ್ಟು ಎತ್ತರ ಎಂದು ಅಳೆಯಲು ಸಾಗಾಣಿಕೆಯ ಕಂಪನಿಯಿಂದ ಒಬ್ಬ ತೆಳ್ಳಗಿನ ಡ್ರೈವರು ಬಂದಿದ್ದ. ಒಂದಲ್ಲ, ಮೂರು ಸಲ ಬಂದ. ಮೂರು ಸಲವೂ ನಮ್ಮ ಬಾಗಿಲಿನ ಮೇಲಿನ ಅಡ್ಡಪಟ್ಟಿಗೆ ಹಣೆ ಬಡಿದುಕೊಂಡ. ನಾನು ಚಹಾ ಕೊಡುವಾಗ ನಗು ತಡೆಯಲಾರದೆ ಬಟ್ಟಲಿನಿಂದ ಚೆಲ್ಲಿಬಿಟ್ಟೆ. ಅವರೇ ತೊಕುಜಿ.

ಸಾಮಾನು ಹೊರಟ ದಿನ ನದಿಯ ಏರಿಯ ಮೇಲೆ ಎದುರಿಗೆ ಹೆಣದ ಗಾಡಿ ಬಂತು. ಗುಡಿಯ ಮಾಡಿನಂತೆ ಕೆತ್ತಿ, ಚಿನ್ನದ ರೇಕು ಮೆತ್ತಿದ ಚಾವಣಿಯ ದೊಡ್ಡ ಗಾಡಿ. ಓಡಿಸುತ್ತಿದ್ದವನು ಕುಮೆ ಎಂಬವನು. ಏರಿಯ ಮೇಲೆ ಒಂದೇ ಗಾಡಿಗೆ ಜಾಗ. ಹೊರಟ ಹೆಣವನ್ನೂ ನಮ್ಮಲ್ಲಿ ಹಿಂದಕ್ಕೆ ಒಯ್ಯುವುದಿಲ್ಲ. ಕೊನೆಗೆ ನಮ್ಮ ಲಾರಿಯೇ ಸೇತುವೆಯವರೆಗೂ ಹಿಂದಕ್ಕೆ ಸರಿಯಿತಂತೆ. ಮುಂದಿನ ಸೀಟಿನಲ್ಲಿ ಕೂತಿದ್ದ, ಸಂಬಂಧ ಕುದುರಿಸಿದ ಹೆಂಗಸು ದಾರಿಯುದ್ದಕ್ಕೂ ಬೊಬ್ಬೆ ಹೊಡೆದಳಂತೆ. ಲಾರಿ ಆಚೆ ದಡ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಗಂಡಿನ ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಒಂದು ಗಂಟನ್ನೂ ಬಿಚ್ಚಗೊಡಲಿಲ್ಲ. ಅದೇ ಸಂಜೆ ನನ್ನ ಬೀರು ನಮ್ಮ ಮನೆಯ ಅಂಗಳಕ್ಕೆ ವಾಪಸು ಬಂದು ನಿಂತಿತು.

ಅಮ್ಮ ಮೂರು ವಾರ ಅತ್ತಳು. ನಿಜ ಹೇಳಿಬಿಡುತ್ತೇನೆ, ನಾನು ಅಳಲಿಲ್ಲ. ಶುಭಕ್ಕೆಂದು ಬೇಯಿಸಿದ್ದ ಕೆಂಪು ಕಾಳಿನ ಅನ್ನವನ್ನು ಅಡುಗೆಮನೆಯ ಹಿಂದೆ ಕೂತು ಎರಡು ಬಟ್ಟಲು ತಿಂದೆ. ಆದರೆ ಬೀದಿಗೆ ಹೋದರೆ ಜನ ಮಾತು ನಿಲ್ಲಿಸುತ್ತಿದ್ದರು. ಸಾಮಾನು ತಿರುಗಿ ಬಂದ ಹುಡುಗಿಯನ್ನು ಇನ್ಯಾರು ಕೇಳುತ್ತಾರೆ? ಹತ್ತನೆಯ ದಿನ ಆ ಡ್ರೈವರು ಸಿಹಿಯ ಪೆಟ್ಟಿಗೆ ಹಿಡಿದುಕೊಂಡು ಬಂದರು. ಮತ್ತೆ ಹಣೆ ಬಡಿದುಕೊಂಡರು. ಚಾಪೆಗೆ ಹಣೆ ಹಚ್ಚಿ, ತಪ್ಪು ನನ್ನದು, ಒಪ್ಪಿದರೆ ನಾನೇ ಮದುವೆಯಾಗುತ್ತೇನೆ ಎಂದರು. ಅಪ್ಪ ಎರಡನೆಯ ಮಾತು ಆಡಲಿಲ್ಲ. ಅದೇ ಬೀರು, ಅದೇ ಲಾರಿ, ಈ ಸಲ ಅವರ ಮನೆಗೇ ಹೋಯಿತು.

ಐವತ್ತನಾಲ್ಕು ವರ್ಷ. ಒಳ್ಳೆಯ ಗಂಡ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ಸಂಬಳದ ಲಕೋಟೆ ಒಡೆಯದೆ ತಂದುಕೊಟ್ಟರು. ಆದರೆ ಒಂದು ಪ್ರೀತಿಯ ಮಾತು ಅಂತ ಆಡಿದವರಲ್ಲ. ನಾನೂ ಕೇಳಲಿಲ್ಲ. ಕೇಳಲು ನನಗೇನು ಹಕ್ಕು? ನಾನು ಇವರ ತಪ್ಪಿಗೆ ಗಂಟುಬಿದ್ದವಳು. ಮರ್ಯಾದಸ್ಥ ಮನುಷ್ಯ, ಮಾಡಿದ ತಪ್ಪನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ ಹಾಕಿದರು. ಮಗಳು ಹುಟ್ಟಿದಾಗ, ಅವಳ ಮದುವೆಯಾದಾಗ, ಮೊಮ್ಮಕ್ಕಳು ಬಂದು ಹೋದಾಗ, ಪ್ರತಿಸಲ ಈ ಮುಳ್ಳು ಒಂದು ಸಲ ಚುಚ್ಚಿಯೇ ಮುಂದೆ ಹೋಗುತ್ತಿತ್ತು.

ಕಂಪನಿ ಮುಚ್ಚಿದಾಗ ಲಾರಿ ಇವರ ಪಾಲಿಗೆ ಬಂತು. ನಾನು ಪರ್ಸಿಮನ್ ಹಣ್ಣು ಒಣಗಿಸುವ ಕೊಟ್ಟಿಗೆಯಲ್ಲಿ ತಂದು ನಿಲ್ಲಿಸಿದರು. ಮೂತಿ ಉದ್ದದ ಹಳೆಯ ಲಾರಿ, ಕೆಂಪು ಬಣ್ಣ, ಎರಡು ದುಂಡು ದೀಪ. ದಿನಾ ಬೆಳಿಗ್ಗೆ ಬಿಳಿ ಕೈಗವಸು ಹಾಕಿಕೊಂಡು ಅದರ ಮೂತಿ ಒರೆಸುವುದು. ನನ್ನ ಮೂತಿಯ ಕಡೆ ನೋಡಿದ್ದು ಅಷ್ಟಕ್ಕಷ್ಟೇ. ನನ್ನ ಸವತಿ ಹೇಗಿದ್ದಾಳೆ ಎಂದು ಕೇಳಿದರೆ, ಟೈರು ಸ್ವಲ್ಪ ಸವೆದಿದೆ ಎನ್ನುತ್ತಿದ್ದರು.

ಹೋದ ವರ್ಷ ಪಟ್ಟಣದ ಕಲಾ ಮ್ಯೂಸಿಯಂನಿಂದ ಹಿಬಿನೊ ಎಂಬ ಹುಡುಗಿ ಬಂದಳು. ಹಳೆಯ ವಾಹನಗಳನ್ನು ಕಲೆಯೆಂದು ತೋರಿಸುವ ಪ್ರದರ್ಶನದ ಪೂರಾ ಉಸ್ತುವಾರಿ ಅವಳದು. ಕೊಟ್ಟಿಗೆಯ ಬಾಗಿಲು ತೆಗೆದದ್ದೇ ತಡ, ಇದು ಲಾರಿಯಲ್ಲ, ಶಿಲ್ಪ ಅಂದಳು. ಹಿಂದಿನ ಚಕ್ರದ ಮೇಲಿನ ತಗಡಿನ ಬಾಗನ್ನು ನೋಡುತ್ತಾ ಕಾಲು ಗಂಟೆ ಕುಕ್ಕರುಗಾಲಲ್ಲಿ ಕೂತಳು. ನಮ್ಮವರ ಕಿವಿ ಕೆಂಪಗಾಯಿತು. ಇವರಿಗೆ ನಾಚಿಕೆ, ಖುಷಿ, ಸಿಟ್ಟು ಏನಾದರೂ ಬರುವುದು ಕಿವಿಗೇ.

ಲಾರಿ ಬರಿದಾಗಿ ಬರಬಾರದು, ಮದುವೆ ಸಾಮಾನು ಹೇರಿ, ಪರದೆ ಕಟ್ಟಿಯೇ ಬರಬೇಕು ಎಂದು ಹಿಬಿನೊ ಕೇಳಿದಳು. ಯಾರ ಸಾಮಾನು? ನನ್ನದೇ. ಬೀರುವಿನೊಳಗಿನ ಬಟ್ಟೆ ತೆಗೆದಿಡುತ್ತೇನೆ ಎಂದರೆ ನಮ್ಮವರು ಒಪ್ಪಲಿಲ್ಲ. ಖಾಲಿ ಬೀರು ಹೊತ್ತರೆ ಅದು ಮನೆ ಬದಲಾಯಿಸುವ ಸಾಮಾನು, ಮದುವೆ ಸಾಮಾನಲ್ಲ ಎಂದು ಹಠ ಹಿಡಿದರು. ಹಾಗಾಗಿ ನನ್ನ ಚಳಿಗಾಲದ ಬಟ್ಟೆಯೆಲ್ಲ ಕಲೆಯ ಪಾಲಾಯಿತು.

ಉದ್ಘಾಟನೆ ಮಧ್ಯಾಹ್ನ ಎರಡಕ್ಕೆ. ಮೇಯರ್ ಬಂದು ರಿಬ್ಬನ್ ಕತ್ತರಿಸಬೇಕು. ಕೊನೆಯದಾಗಿ ಒಳಗೆ ಹೋಗಬೇಕಾದದ್ದು ನಮ್ಮ ಲಾರಿ. ಅಂಗಳದಿಂದ ಪ್ರದರ್ಶನದ ಹಜಾರಕ್ಕೆ ಒಂದೇ ಏರು ಹಾದಿ, ಎರಡು ಬದಿಗೂ ಗೋಡೆ, ಒಂದು ಗಾಡಿಯ ಅಗಲ. ಬೆಂಕಿಯ ಭಯಕ್ಕೆ ಮ್ಯೂಸಿಯಂನವರು ಪೆಟ್ರೋಲನ್ನೆಲ್ಲ ಬಸಿದು, ಏರು ಹತ್ತುವುದಕ್ಕೆ ಸಾಲುವಷ್ಟು ಮಾತ್ರ ಬಿಟ್ಟಿದ್ದರು. ನಮ್ಮವರು ಟೊಪ್ಪಿ, ಬಿಳಿ ಕೈಗವಸು ಹಾಕಿಕೊಂಡು ಕೂತರು. ನಾನು ಪಕ್ಕದಲ್ಲಿ ಕೂತೆ. ಕೆಳಗಿದ್ದವನು ಕೈ ಬೀಸಿದ, ಹೊರಟೆವು.

ಅರ್ಧ ಏರು ಹತ್ತಿದ್ದೆವು, ಮೇಲಿನಿಂದ ಚಿನ್ನದ ಚಾವಣಿಯೊಂದು ಇಳಿದು ಬಂತು. ಅದೇ ಹೆಣದ ಗಾಡಿ. ಅದನ್ನು ಹಿಂದಿನ ದಿನವೇ ಒಳಗೆ ನಿಲ್ಲಿಸಿದ್ದರಂತೆ. ಬೆಳಿಗ್ಗೆ ಕಿಟಕಿಯ ಬಿಸಿಲು ಚಿನ್ನಕ್ಕೆ ಬಿದ್ದು ಕಣ್ಣು ಕುಕ್ಕುತ್ತದೆಂದು, ಹೊರಗೆ ತಂದು ತಿರುಗಿಸಿಕೊಂಡು ಬರಲು ಹಿಬಿನೊ ಹೇಳಿದ್ದಳು. ಮೇಲಿನವರಿಗೂ ಕೆಳಗಿನವರಿಗೂ ಮಾತುಕತೆ ಆಗಿರಲಿಲ್ಲ. ಎರಡು ಗಾಡಿಯ ಮೂತಿಗಳ ನಡುವೆ ಒಂದು ಮೊಳ ಉಳಿಯಿತು. ಓಡಿಸುತ್ತಿದ್ದವನು ಅದೇ ಕುಮೆ, ಈಗ ಎಂಬತ್ತಮೂರರ ಬೋಳುತಲೆ. ಕಿಟಕಿಯಿಂದ ಆ ತಲೆ ಹೊರಗೆ ಬಂತು.

"ಏನಪ್ಪಾ ತೊಕುಜಿ, ಇನ್ನೂ ಇದ್ದೀಯಾ? ನನ್ನ ಗಾಡಿ ಹತ್ತಲೇ ಇಲ್ವಲ್ಲ ನೀನು."

"ನಿನ್ನ ಗಾಡಿನ ಮ್ಯೂಸಿಯಂಗೆ ಹಾಕಿಬಿಟ್ರಲ್ಲ ಅಣ್ಣಾ. ಇನ್ನು ಯಾವ ಧೈರ್ಯದ ಮೇಲೆ ಸಾಯ್ಲಿ?" ಎಂದು ನಮ್ಮವರು ಎಂಜಿನ್ ಆರಿಸಿದರು.

ಹಿಬಿನೊ ಓಡಿ ಬಂದಳು. ಯಾರಾದರೂ ಒಬ್ಬರು ಸ್ವಲ್ಪ ಹಿಂದಕ್ಕೆ ತೆಗೆದುಕೊಳ್ಳಿ ಎಂದಳು. ಇಬ್ಬರೂ ಅವಳನ್ನು ಅನ್ನಬಾರದ್ದು ಅಂದವಳಂತೆ ನೋಡಿದರು. ಹೆಣದ ಗಾಡಿ ಹಿಂದಕ್ಕೆ ಹೋಗುವುದಿಲ್ಲ ಎಂದ ಕುಮೆ. ಒಳಗೆ ಯಾರೂ ಇಲ್ಲವಲ್ಲ ಎಂದು ಅವಳು ಅಂಗಲಾಚಿದಳು. ನಾನಿದ್ದೇನಲ್ಲ, ನನಗೂ ವಯಸ್ಸಾಯಿತು ಎಂದ. ಲಾರಿಯ ಪರದೆ ಬಿಚ್ಚಿ, ಸಾಮಾನು ಇಳಿಸಿ, ಖಾಲಿ ಲಾರಿಯನ್ನು ಹಿಂದಕ್ಕೆ ತಳ್ಳೋಣವೇ ಎಂದು ಮ್ಯೂಸಿಯಂನ ನಿರ್ದೇಶಕರು ಮೆಲ್ಲಗೆ ಕೇಳಿದರು. ಕಟ್ಟಿದ ಗಂಟನ್ನು ಬಿಚ್ಚುವುದು ತಲುಪಬೇಕಾದ ಕಡೆ ತಲುಪಿದ ಮೇಲೆಯೇ ಎಂದು ನಮ್ಮವರು ಹ್ಯಾಂಡ್‌ಬ್ರೇಕ್ ಇನ್ನೊಂದು ಹಲ್ಲು ಮೇಲಕ್ಕೆಳೆದರು.

ಅಷ್ಟರಲ್ಲಿ ಮೇಲಿನ ಗಾಜಿನ ಗೋಡೆಯ ಹಿಂದೆ ಬೇಗ ಬಂದ ಅತಿಥಿಗಳು ಸೇರತೊಡಗಿದರು. ಇದೂ ಪ್ರದರ್ಶನದ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು. ಮುತ್ತಿನ ಸರ ಹಾಕಿದ್ದ ಹೆಂಗಸೊಬ್ಬಳು ಕೆಳಗಿಳಿದು ಬಂದು, ಈ ಇಬ್ಬರು ಅಜ್ಜಂದಿರ ಆಟ ದಿನಕ್ಕೆ ಎಷ್ಟು ಸಲ ಎಂದು ಹಿಬಿನೊಳನ್ನು ಕೇಳಿದಳು. ಒಂದೇ ಸಲ ಎಂದು ಹೇಳುವಾಗ ಹಿಬಿನೊ ಅಳುವುದೊಂದು ಬಾಕಿ. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ನನಗೆ ಅವಳನ್ನು ನೋಡಿ ಅಯ್ಯೋ ಅನ್ನಿಸಿತು.

"ರೀ, ಹಿಂದಕ್ಕೆ ತಗೊಳ್ರೀ," ಎಂದೆ. "ಎಪ್ಪತ್ತಾರಾಯ್ತು ನಂಗೆ. ಎಲ್ಲಿಗೆ ಓಡಿ ಹೋಗ್ತೀನಿ? ನನ್ನ ತವರುಮನೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸ್ತಾರೆ."

ಅವರು ಎದುರಿನ ಗಾಜಿನಿಂದ ಕಣ್ಣು ಕೀಳಲಿಲ್ಲ. "ನಿನ್ನ ಸಾಮಾನಿದೆ ಹಿಂದೆ. ಒಂದ್ಸಲ ತೆಗೆದಿದ್ದು ಸಾಕು."

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಗಂಡನ ಮೇಲಲ್ಲ, ಆ ಬೋಳುತಲೆಯ ಮೇಲೆ. ಬಾಗಿಲು ದಡಾರನೆ ತೆಗೆದು ಇಳಿದೆ. ಮದುವೆಯ ಬೀರು ಬರುತ್ತಿದೆಯೆಂದು ಕಣ್ಣಿಗೆ ಕಂಡರೂ ಅವತ್ತು ಗಾಡಿ ತೆಗೆಯಲಿಲ್ಲ, ನಿನ್ನಿಂದ ನನ್ನ ತಾಯಿ ಮೂರು ವಾರ ಅನ್ನ ಮುಟ್ಟಲಿಲ್ಲ, ನಿನ್ನಿಂದ ನಾನು ಬೀದಿಯಲ್ಲಿ ತಲೆ ಎತ್ತದ ಹಾಗಾಯಿತು, ನಿನ್ನಿಂದ ಈ ಮನುಷ್ಯ ಬೇಡದ ಹೆಣ್ಣನ್ನು ಜೀವಮಾನವಿಡೀ ಹೊರಬೇಕಾಯಿತು, ಇವತ್ತಾದರೂ ಸರಿಯುತ್ತೀಯೋ ಇಲ್ಲವೋ ಎಂದು ಒಂದೇ ಉಸಿರಿಗೆ ಝಾಡಿಸಿದೆ. ಮೇಲಿನ ಚಪ್ಪಾಳೆ ನಿಂತೇ ಹೋಯಿತು. ಬೇಡದ ಹೆಣ್ಣು ಎಂಬ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಕುಮೆ ಗಾಡಿಯಿಂದ ಇಳಿದ.

"ಅಮ್ಮಾ, ಇಷ್ಟು ವರ್ಷ ನೀವು ನನ್ನ ಬೈಕೊಂಡು ಬಂದ್ರಾ?"

"ದಿನಾ ಅಲ್ಲ," ಎಂದೆ. "ಹಬ್ಬಕ್ಕೆ, ಹುಣ್ಣಿಮೆಗೆ."

"ತಡೀರಿ ಹಾಗಾದ್ರೆ. ಮಾತು ಕೊಟ್ಟಿದ್ದೆ ಅಂತ ಬಾಯಿ ಬಿಟ್ಟಿರ್ಲಿಲ್ಲ. ಅವತ್ತು ನನ್ನ ಹಿಂದೆ ಇಪ್ಪತ್ತು ಹೆಜ್ಜೆಗೆ ಪಂಪ್ ಮನೆ ಹತ್ರ ಅಗಲ ಜಾಗ ಇತ್ತು. ಮದುವೆ ಲಾರಿ ಅಂತ ಪರದೆ ನೋಡಿದ್ದೇ, ಹೆಣದ ಕಡೆಯವ್ರನ್ನ ಒಪ್ಪಿಸಿ ನಾನು ಆಗ್ಲೇ ರಿವರ್ಸ್ ಹಾಕಿದ್ದೆ. ಇವನು ಇಳಿದು ಓಡಿ ಬಂದ. ಟೊಪ್ಪಿ ತೆಗೆದು ಬಗ್ಗಿ ಲಕೋಟೆ ಕೊಟ್ಟ. ಬೇಡಪ್ಪ, ತೆಗೀತಾ ಇದ್ದೀನಲ್ಲ ಅಂದೆ. ಏನಂದ ಗೊತ್ತಾ? ಇದು ಹಿಂದಕ್ಕೆ ಹೋಗೋಕಲ್ಲ ಅಣ್ಣಾ, ಹೋಗದೆ ಇರೋಕೆ ಅಂದ."

ಕುಮೆ ಲಾರಿಯಲ್ಲಿದ್ದ ನಮ್ಮವರ ಕಡೆ ಬೆರಳು ತೋರಿಸಿದ.

"ಇವನಿಗೆ ತಲೆ ಕೆಟ್ಟಿದೆ ಅಂದ್ಕೊಂಡೆ. ಈ ಬೀರು ಆಚೆ ದಡ ಮುಟ್ಟಬಾರ್ದು, ನೀನು ಅಲ್ಲೇ ನಿಂತ್ಕೋ, ನಾನೇ ಹಿಂದಕ್ಕೆ ಹೋಗ್ತೀನಿ ಅಂತ ಕೈ ಮುಗಿದ. ನಾನು ಲಕೋಟೆ ತಗೊಂಡು ನಿಂತೆ. ಅಷ್ಟೇ ನಾನು ಮಾಡಿದ ಪಾಪ."

ನಾನು ತಿರುಗಿ ನೋಡಿದೆ. ನಮ್ಮವರು ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಟೊಪ್ಪಿಯ ಕೆಳಗೆ ಎರಡು ಕಿವಿಗಳು ಲಾರಿಯ ಬಣ್ಣಕ್ಕೆ ತಿರುಗಿದ್ದವು.

"ರೀ, ನಿಜವಾ?"

"ಪೆಟ್ರೋಲ್ ಕಡಿಮೆ ಇದೆ. ಹತ್ತು," ಎಂದರು.

ನಾನು ಅವರ ಬಾಗಿಲಿಗೆ ಅಂಗೈಯಿಂದ ಬಡಿದೆ. ಕಲಾಕೃತಿಯನ್ನು ಮುಟ್ಟಬೇಡಿ ಎನ್ನಲು ಹಿಬಿನೊ ಬಾಯಿ ತೆರೆದವಳು ಮುಚ್ಚಿಕೊಂಡಳು. "ನಿಜವಾ ಅಂತ ಕೇಳ್ದೆ."

"ಬೀರು ಅಳೆಯೋಕೆ ಯಾರಾದ್ರೂ ಮೂರು ಸಲ ಬರ್ತಾರಾ?" ಎಂದರು ಸ್ಟೀರಿಂಗಿನ ಕಡೆಗೆ. "ಬೀರು ಏನು ಬೆಳೆಯುತ್ತಾ?"

"ಮತ್ತೆ ಇಷ್ಟು ವರ್ಷ ಹೇಳೋಕೇನಾಗಿತ್ತು?"

"ಹೇಳಿದ್ರೆ ನಿಮ್ಮಪ್ಪ ಹೊಡೀತಿದ್ರು."

"ಅಪ್ಪ ಹೋಗಿ ಮೂವತ್ತು ವರ್ಷ ಆಯ್ತು."

"ಆಮೇಲೆ ನೀನು ಹೊಡೀತಿದ್ದೆ." ಸ್ಟೀರಿಂಗನ್ನು ಬೆರಳಿನಿಂದ ಒರೆಸುತ್ತಾ ಹೇಳಿದರು, "ನಿನ್ನ ಒಳ್ಳೆ ಸಂಬಂಧ ಹಾಳು ಮಾಡಿದೋನು ನಾನು. ಗೊತ್ತಾದ್ರೆ ಎದ್ದು ಹೊರಟುಹೋಗ್ತೀಯ ಅಂತ ಭಯ. ಇವತ್ತೂ ಅದೇ ಭಯ."

ನನಗೆ ಮೊದಲು ನಗು ಬಂತು. ಆ ನಗು ನಿಲ್ಲಲಿಲ್ಲ. ಗೋಡೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಸುರಿಯಿತು, ಆಮೇಲೆ ಅದು ನಗುವೋ ಅಳುವೋ ನನಗೇ ತಿಳಿಯಲಿಲ್ಲ. ಅಯ್ಯೋ ದೇವರೇ, ಐವತ್ತನಾಲ್ಕು ವರ್ಷ ನಾನು ಗಂಟುಬಿದ್ದವಳು ಎಂದುಕೊಂಡು ತಲೆ ತಗ್ಗಿಸಿ ಅನ್ನ ಬಡಿಸಿದೆನಲ್ಲ! ಗಂಟುಬಿದ್ದವಳಲ್ಲ, ಕದ್ದು ತಂದವಳು. ಬೇಕೆಂದು, ಹಗಲಲ್ಲಿ, ಊರ ಕಣ್ಣೆದುರಿಗೆ, ಹೆಣದ ಗಾಡಿಯನ್ನೇ ಸಾಕ್ಷಿ ಇಟ್ಟು ಕದ್ದು ತಂದವಳು. ಎಪ್ಪತ್ತಾರರ ಮೊಣಕಾಲು ನೋವೆಲ್ಲ ಎಲ್ಲಿ ಹೋಯಿತೋ, ಕುಣಿದುಬಿಡೋಣ ಎನ್ನಿಸಿತು. ಕುಮೆಯವರ ಕೈ ಹಿಡಿದು ಎರಡು ಸುತ್ತು ಸುತ್ತಿಯೂಬಿಟ್ಟೆ.

ಆದರೆ ಕುಮೆಯವರ ಕಷ್ಟ ಹಾಗೇ ಉಳಿದಿತ್ತು. "ಈಗ್ಲಾದ್ರೂ ಗೊತ್ತಾಯ್ತಾ ನಾನ್ಯಾಕೆ ಸರೀತಿಲ್ಲ ಅಂತ?" ಎಂದರು. "ಇವನಿಗೆ ಹಿಂದಕ್ಕೆ ಹೋಗಲ್ಲ ಅಂತ ಮಾತು ಕೊಟ್ಟು ಲಕೋಟೆ ತಗೊಂಡವನು ನಾನು. ಇವನಾಗಿ ಬಿಡಿಸೋವರ್ಗೂ ಆ ಮಾತು ಹಾಗೇ ಇರುತ್ತೆ."

ನಮ್ಮವರು ಲಾರಿಯಿಂದ ಇಳಿದರು. ಒಳಗೆ ಕೈ ಚಾಚಿ, ಮುಂದಿನ ಗಾಜಿನ ಮೇಲೆ ಬಿಸಿಲು ತಡೆಯಲು ಇದ್ದ ಹಲಗೆಯ ಹಿಂದಿನಿಂದ ಕೆಂಪು ಬಿಳಿ ದಾರದ ಒಂದು ಲಕೋಟೆ ತೆಗೆದರು. ಅಂಗಳದಿಂದ ಹಜಾರಕ್ಕೆ ಮುನ್ನೂರು ಹೆಜ್ಜೆಯೂ ಇಲ್ಲ, ಅದಕ್ಕೂ ಲಕೋಟೆ ಕಟ್ಟಿಟ್ಟುಕೊಂಡು ಬಂದಿದ್ದಾರೆ ಈ ಮನುಷ್ಯ. ಟೊಪ್ಪಿ ತೆಗೆದು, ನಡು ಬಗ್ಗಿಸಿ, ಎರಡು ಕೈಯಲ್ಲಿ ನೀಡಿದರು.

"ಈ ಸಲ ಹಿಂದಕ್ಕೆ ಹೋಗೋಕೆ ಅಣ್ಣಾ."

ಕುಮೆಯವರೂ ಬಗ್ಗಿ ತೆಗೆದುಕೊಂಡರು. ಒಳಗಿದ್ದದ್ದು ನಮ್ಮ ಕಾಫಿ ಅಂಗಡಿಯಲ್ಲಿ ಕೊಟ್ಟರೆ ಒಂದೊಂದು ಕಾಫಿ ಸಿಗುವ ಎರಡು ಚೀಟಿ ಎಂದು ಆಮೇಲೆ ತಿಳಿಯಿತು. ಅವರು ಗಾಡಿ ಹತ್ತಿ, ಕತ್ತು ಹೊರಳಿಸಿ, ಚಿನ್ನದ ಚಾವಣಿಯನ್ನು ಕೂದಲೆಳೆಯಷ್ಟೂ ಗೋಡೆಗೆ ತಾಗಿಸದೆ ಮೇಲಕ್ಕೆ, ಹಿಂದಕ್ಕೆ ಒಯ್ದರು. ಗಾಜಿನ ಹಿಂದಿನವರು ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಆಗಷ್ಟೇ ಬಂದಿದ್ದ ಮೇಯರ್ ಏನೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾನು ಲಾರಿ ಹತ್ತಿ, ಮುಂದಕ್ಕೆ ಹೊಡೀರಿ ಎಂದೆ.

ಲಾರಿ ಏರು ಹತ್ತಿ ಹಜಾರದೊಳಕ್ಕೆ ಬಂತು. ತನಗೆಂದು ಇಟ್ಟಿದ್ದ ಬಿಳಿ ಕಟ್ಟೆಗೆ ಎಂಟು ಅಡಿ ಇರುವಾಗ ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲ್ ಮುಗಿದಿತ್ತು. ಹಿಬಿನೊ ಅದರ ಸುತ್ತ ಒಂದು ಸುತ್ತು ಬಂದಳು. ಇಲ್ಲೇ ಚೆನ್ನಾಗಿದೆ, ಇರಲಿ ಎಂದಳು.

ಪ್ರದರ್ಶನ ಡಿಸೆಂಬರಿನಲ್ಲಿ ಮುಗಿಯಿತು. ಉಳಿದ ಗಾಡಿಗಳು ಒಂದೊಂದಾಗಿ ಹೋದವು. ಕೆಳಗಿನ ಅಂಗಳವನ್ನು ಬೇರೆ ಕೆಲಸಕ್ಕೆ ಅಗೆದಿದ್ದರಿಂದ ಲಾರಿ ಬೇರೆ ಬದಿಯ ಬಾಗಿಲಿನಿಂದ ಹೊರಬೀಳಬೇಕಿತ್ತು, ಅದಕ್ಕೆ ಇಪ್ಪತ್ತು ಅಡಿ ಹಿಂದಕ್ಕೆ ತೆಗೆಯಲೇಬೇಕು ಎಂದು ಹಿಬಿನೊ ಫೋನಿನಲ್ಲಿ ಅಂಜುತ್ತಾ ಹೇಳಿದಳು. ನಮ್ಮವರು ಒಂದು ಗಳಿಗೆ ಯೋಚಿಸಿ, ಹಾಗಾದರೆ ಅಲ್ಲೇ ಇರಲಿ ಎಂದುಬಿಟ್ಟರು. ಜೀವಕ್ಕೆ ಜೀವವಾಗಿದ್ದ ಲಾರಿಯನ್ನು, ನನ್ನ ಬೀರುವಿನ ಸಮೇತ, ಮ್ಯೂಸಿಯಂಗೇ ಬರೆದುಕೊಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ, ಮೊದಲಿನ ಹಾಗೆಯೇ.

ಈಗ ಚಳಿ ಬಂದು ದಪ್ಪ ಬಟ್ಟೆ ಬೇಕೆಂದರೆ ನಾನು ವಯಸ್ಸಾದವರ ಅರ್ಧ ಟಿಕೆಟ್ ತೆಗೆದುಕೊಂಡು ಹೋಗಬೇಕು. ಹಿಬಿನೊ ಬಿಳಿ ಕೈಗವಸು ಹಾಕಿಕೊಂಡು, ಹಗ್ಗ ಸರಿಸಿ, ಮೆಲ್ಲಗೆ ಖಾನೆ ಎಳೆದು, ಇವತ್ತು ಯಾವುದು ಬೇಕಮ್ಮಾ ಎಂದು ಕೇಳುತ್ತಾಳೆ. ನೋಡುವವರು ಸುತ್ತ ನಿಲ್ಲುತ್ತಾರೆ. ನಾನು ನಿಧಾನವಾಗಿ ಆರಿಸುತ್ತೇನೆ.

ನಮ್ಮವರು ಕಾಫಿ ಅಂಗಡಿಯಲ್ಲಿ ಈಗಲೂ ಜಂಬ ಕೊಚ್ಚುತ್ತಾರೆ. ಕುಮೆಯವರೂ ನಮ್ಮ ಮೇಜಿಗೇ ಬಂದು ಕೂರುತ್ತಾರೆ. ಮುನ್ನೂರ ಹನ್ನೊಂದು ಮದುವಣಗಿತ್ತಿಯರ ಸಾಮಾನು ಹೊತ್ತಿದ್ದೇನೆ, ಒಂದೇ ಒಂದು ಸಲ ಹಿಂದಕ್ಕೆ ತೆಗೆದಿದ್ದೇನೆ ಎಂದು ಹೇಳಿ, ಇವರು ಮೊಟ್ಟೆಯ ಸಿಪ್ಪೆ ಸುಲಿಯಲು ತಲೆ ಬಗ್ಗಿಸುತ್ತಾರೆ. ನಾನು ಈಗ ಸುಮ್ಮನಿರುವುದಿಲ್ಲ.

"ಬೇಕಂತಲೇ," ಎನ್ನುತ್ತೇನೆ, ಇಡೀ ಅಂಗಡಿಗೆ ಕೇಳುವಂತೆ. ಅವರ ಕಿವಿ ಕೆಂಪಗಾಗುತ್ತದೆ.